ಐತಿಹಾಸಿಕ ನಾಟಕದ ವೇಷಭೂಷಣ: ಬಾಡಿಗೆಯೂ ಸವಕಳಿಯೂ

ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದೊಡನೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ನಾಟಕಗಳು ರಂಗವೇರುತ್ತವೆ. ಅವುಗಳಿಗೆ ಉಡುಪು, ಆಭರಣ, ಆಯುಧ, ವಿಗ್ಗುಗಳನ್ನು ಬಾಡಿಗೆಗೆ ಒದಗಿಸುವುದು ಚಿಕ್ಕದಾದರೂ ಸ್ವತಂತ್ರವಾದ ಉದ್ಯಮ. ಆದರೆ ಗಲ್ಲಾಪೆಟ್ಟಿಗೆಗೆ ಬಂದ ಬಾಡಿಗೆಯೆಲ್ಲವೂ ಲಾಭವೆಂದು ಭಾವಿಸಿದಲ್ಲಿ ಬಂಡವಾಳವೇ ಅರಿವಿಲ್ಲದೆ ಕರಗುತ್ತದೆ.

ಐತಿಹಾಸಿಕ ವೇಷಕ್ಕೆ ಕಾಲದ ಕಟ್ಟುಪಾಡಿದೆ. ಇದೇ ಜಿಲ್ಲೆಯ ಬಾಡದಲ್ಲಿ ಜನಿಸಿದ ಕನಕದಾಸರ ಪಾತ್ರವೊಂದಕ್ಕೇ ಎರಡು ವೇಷಗಳು ಬೇಕು: ಆರಂಭದಲ್ಲಿ ಖಡ್ಗಧಾರಿ ನಾಯಕನ ಉಡುಪು, ಕಾಗಿನೆಲೆಯ ದೃಶ್ಯಗಳಲ್ಲಿ ಕಂಬಳಿ, ತಂಬೂರಿ, ತಾಳ. ವಿಜಯನಗರದ ಅರಸನಿಗೆ ಪೌರಾಣಿಕ ಕಿರೀಟ ಸಲ್ಲದು; ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಪ್ರತಿಮೆಯ ತಲೆಯ ಮೇಲಿರುವುದು ಎತ್ತರದ ಕುಲಾವಿ. 1930ರ ದಂಡಿಯಾತ್ರೆಯಲ್ಲಿ ಪಾಲ್ಗೊಂಡ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಪಾತ್ರಕ್ಕಾದರೆ ಖಾದಿಯೇ ಸಾಕು. ಆದ್ದರಿಂದ ಧೋತರ, ಶಲ್ಯಗಳಂಥ ಸಾಮಾನ್ಯ ವಸ್ತುಗಳನ್ನೂ ಪಾತ್ರವಿಶೇಷದ ವಸ್ತುಗಳನ್ನೂ ಬೇರೆ ಬೇರೆಯಾಗಿ ದಾಖಲಿಸುವುದು ಅವಶ್ಯ.

ಈಗ ಬಾಡಿಗೆಯ ಲೆಕ್ಕವನ್ನು ನೋಡೋಣ. ಅರಸನ ವೇಷವೊಂದಕ್ಕೆ 12,000 ರೂ. ತಗುಲಿತೆಂದು ಉದಾಹರಣೆಗಾಗಿ ಊಹಿಸೋಣ. ಅದರಲ್ಲಿ 4,000 ರೂ. ಉಡುಪು 40 ಪ್ರಯೋಗಗಳಿಗೆ, 6,000 ರೂ. ಶಿರೋಭೂಷಣ ಮತ್ತು ಆಭರಣ 120 ಪ್ರಯೋಗಗಳಿಗೆ, 2,000 ರೂ. ವಿಗ್ಗು ಮತ್ತು ಮೀಸೆ 20 ಪ್ರಯೋಗಗಳಿಗೆ ಬಾಳುತ್ತವೆಯೆನ್ನೋಣ. ಆಗ ಪ್ರತಿ ಪ್ರಯೋಗದ ಸವಕಳಿ ಕ್ರಮವಾಗಿ 100, 50 ಮತ್ತು 100, ಒಟ್ಟು 250 ರೂ. ಒಗೆತ, ದುರಸ್ತಿ, ಸಾಗಣೆಗೆ 80 ರೂ. ಸೇರಿಸಿದರೆ ವೆಚ್ಚ 330 ರೂ. ಆಗುತ್ತದೆ. ಬಾಡಿಗೆ 300 ರೂ. ಇದ್ದಲ್ಲಿ ಪ್ರತಿ ರಾತ್ರಿ 30 ರೂ. ನಷ್ಟ! ಅತಿ ಕಡಿಮೆ ಬೆಲೆಯ ವಿಗ್ಗು ಉಡುಪಿನಷ್ಟೇ ಸವಕಳಿಯನ್ನು ಹೊರಿಸುವುದನ್ನು ಇಲ್ಲಿ ಗಮನಿಸಬೇಕು.

ಆದಕಾರಣ ಆಯುಷ್ಯವನ್ನು ಹೆಚ್ಚಿಸುವುದೂ ಗಳಿಕೆಯೇ. ಬೆವರು ಮತ್ತು ಅಂಟು ವಿಗ್ಗಿನ ಬಲೆಯನ್ನು ಕೆಡಿಸುತ್ತವೆ; ಪ್ರಯೋಗದ ಮರುದಿನವೇ ಶುಚಿಗೊಳಿಸಿ, ನೆರಳಿನಲ್ಲಿ ಒಣಗಿಸಿ, ತಲೆಯಾಕಾರದ ಅಚ್ಚಿನ ಮೇಲೆ ಇರಿಸಬೇಕು. ಜರಿಯ ಉಡುಪನ್ನು ಸದಾ ಒಂದೇ ಮಡಿಕೆಯಲ್ಲಿಡದೆ ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ಗಿರಾಕಿಗಳನ್ನು ಸೆಳೆಯಲು ಅಂಗಡಿಯ ಮುಂದೆ ಬಿಸಿಲಿಗೆ ತೂಗುಹಾಕಿದ ಉಡುಪು ಬಣ್ಣಗೆಡುತ್ತದೆ. ಪ್ರದರ್ಶನಕ್ಕೆ ಹಳೆಯದೊಂದು ವೇಷ ಮತ್ತು ಛಾಯಾಚಿತ್ರಗಳ ಆಲ್ಬಮ್ ಸಾಕು.

ತೆರಿಗೆಯ ದೃಷ್ಟಿಯಿಂದ ವೇಷಭೂಷಣವನ್ನು ಬಾಡಿಗೆಗೆ ಕೊಡುವುದು ಸೇವೆಯೆನಿಸುತ್ತದೆ. ಕರ್ನಾಟಕದಲ್ಲಿ ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯ. ಗಿರಾಕಿಗೆ ಮರಳಿಸಬೇಕಾದ ಠೇವಣಿ ಆದಾಯವಲ್ಲ, ಹೊಣೆ. ಆದಾಯ ತೆರಿಗೆಗಾಗಿ ಸವಕಳಿಯ ದರವನ್ನು ನಿಯಮಗಳೇ ನಿಗದಿಪಡಿಸುತ್ತವೆ. ಮೇಲಿನ ಲೆಕ್ಕ ಬಾಡಿಗೆಯನ್ನು ಗೊತ್ತುಪಡಿಸುವುದಕ್ಕೆ ಮಾತ್ರ.

ಪ್ರತಿ ವೇಷಕ್ಕೂ ಸಂಖ್ಯೆ ಕೊಟ್ಟು, ಖರೀದಿಯ ಬೆಲೆ, ನಡೆದ ಪ್ರಯೋಗಗಳು ಮತ್ತು ದುರಸ್ತಿಯನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಸವಕಳಿಯ ಮೊತ್ತವನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಜಮಾ ಮಾಡಿದರೆ, ಮುಂಗಾರಿನಲ್ಲಿ ಕೆಲಸ ತಗ್ಗಿದಾಗ ಸಾಲವಿಲ್ಲದೆ ಹೊಸ ವಿಗ್ಗು ಮತ್ತು ಉಡುಪುಗಳನ್ನು ಸಿದ್ಧಪಡಿಸಿಕೊಳ್ಳಬಹುದು.