ಒಂದೇ ಗೋರಿ, ಎರಡು ಹೆಸರು: ಸಕ್ಕಾರಾದ ಕಲ್ಲು ಹೇಳದೆ ಬಿಟ್ಟ ಒಂದು ಪದ

ಯಾವುದೇ ಶಾಸನ ಕೈಗೆ ಸಿಕ್ಕರೂ ನಾನು ಮೊದಲು ಹುಡುಕುವುದು ಸಂಬಂಧ ಹೇಳುವ ಪದಗಳನ್ನು. ಮಗ, ತಮ್ಮ, ಅಳಿಯ, ಅರಸಿ, ಆಳು – ಇಂಥದೊಂದು ಪದ ಸಿಕ್ಕರೆ ಅರ್ಧ ಕಥೆ ಸಿಕ್ಕ ಹಾಗೆ. ನಮ್ಮ ಆತಕೂರು ಶಾಸನವನ್ನೇ ನೋಡಿ. ಕ್ರಿ.ಶ. 949ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನಿಗೆ ಗಂಗರ ಬೂತುಗ ಮೆಚ್ಚಿ, ಬೇಕಾದ್ದು ಕೇಳು ಅನ್ನುತ್ತಾನೆ. ಮಣಲೇರ ಕೇಳುವುದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಕಾದಾಡಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸುತ್ತಾರೆ. ಒಬ್ಬ ವೀರನಿಗೂ ಅವನ ನಾಯಿಗೂ ಇದ್ದ ನಂಟು ಸಾವಿರ ವರ್ಷ ಕಳೆದರೂ ನಮಗೆ ಗೊತ್ತಿದೆ. ಯಾಕೆ? ಕಲ್ಲು ಹೇಳಿದೆ, ಅದಕ್ಕೆ.

ಕಲ್ಲು ಹೇಳದಿದ್ದರೆ? ಆಗ ನಾವು ಏನು ಓದುತ್ತೇವೆ, ಹೇಗೆ ಓದುತ್ತೇವೆ? ಈ ಪ್ರಶ್ನೆಗೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಈಜಿಪ್ಟಿನಲ್ಲಿದೆ.

ಉಗುರಿನ ಅಧಿಕಾರಿಗಳು

ಕೈರೋ ನಗರದ ದಕ್ಷಿಣಕ್ಕಿರುವ ಸಕ್ಕಾರಾ ಬಹಳ ಹಳೆಯ ಸ್ಮಶಾನಭೂಮಿ. ಅಲ್ಲಿ 5ನೇ ರಾಜವಂಶದ ಕೊನೆಯ ದೊರೆ ಉನಾಸ್‌ನ ಪಿರಮಿಡ್ಡಿಗೆ ಹೋಗುವ ಕಲ್ಲುಹಾದಿ ಇದೆ. 1964ರಲ್ಲಿ ಆ ಹಾದಿಯ ಬಳಿ ಕೆಲಸ ಮಾಡುತ್ತಿದ್ದ ಈಜಿಪ್ಟಿನ ಪುರಾತತ್ವಜ್ಞರಿಗೆ ಒಂದು ಗೋರಿ ಸಿಕ್ಕಿತು. ಹಾದಿ ಕಟ್ಟಿದವರು ಗೋರಿಯ ಮುಂಭಾಗದ ಕಲ್ಲುಗಳನ್ನೇ ಕಿತ್ತು ಬಳಸಿಕೊಂಡಿದ್ದರು. ನಮ್ಮಲ್ಲಿ ವೀರಗಲ್ಲುಗಳು ಕೆರೆ ಏರಿಗೆ, ಮನೆ ಮೆಟ್ಟಿಲಿಗೆ ಹೋಗಿಲ್ಲವೇ, ಹಾಗೆ. ಆ ಕಲ್ಲುಗಳನ್ನು ಮತ್ತೆ ಹುಡುಕಿ ಜೋಡಿಸಿದರು. ಅಹ್ಮದ್ ಮೂಸಾ ಮತ್ತು ಹಾರ್ಟ್ವಿಗ್ ಆಲ್ಟೆನ್‌ಮ್ಯೂಲರ್ 1977ರಲ್ಲಿ ಗೋರಿಯ ಪೂರ್ಣ ಪ್ರಕಟಣೆ ತಂದರು.

ಗೋರಿ ಇಬ್ಬರು ಗಂಡಸರದು: ನಿಯಾಂಖ್‌ಖ್ನುಮ್ ಮತ್ತು ಖ್ನುಮ್‌ಹೊಟೆಪ್. ಕಾಲ ಕ್ರಿ.ಪೂ. 2400ರ ಆಸುಪಾಸು. ಇಬ್ಬರಿಗೂ ಒಂದೇ ಬಿರುದು, ‘ಅರಮನೆಯಲ್ಲಿ ಉಗುರು ತಿದ್ದುವವರ ಮೇಲ್ವಿಚಾರಕ’. ಕೇಳಿದರೆ ನಗು ಬರಬಹುದು. ಆದರೆ ದೇವರ ಸಮಾನನೆನಿಸಿದ ದೊರೆಯ ಮೈಮುಟ್ಟುವ ಹಕ್ಕು ಎಷ್ಟು ಜನಕ್ಕೆ ಇದ್ದೀತು? ಅದು ಸಣ್ಣ ಹುದ್ದೆಯಲ್ಲ.

ಗೋಡೆ ಹೇಳುವುದೇನು?

ಗೋಡೆಗಳ ಉಬ್ಬುಚಿತ್ರಗಳಲ್ಲಿ ಇಬ್ಬರೂ ಮತ್ತೆ ಮತ್ತೆ ಜೊತೆಯಾಗಿಯೇ ಬರುತ್ತಾರೆ. ಒಂದೆಡೆ ಕೈ ಹಿಡಿದು ನಡೆಯುತ್ತಾರೆ. ಒಳಗಡೆ ಎದುರುಬದುರು ನಿಂತು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಅಪ್ಪಿಕೊಂಡಿದ್ದಾರೆ. ಆ ಕಾಲದ ಗೋರಿಗಳಲ್ಲಿ ಇಷ್ಟು ಆಪ್ತವಾದ ಭಂಗಿ ಕಂಡರೆ ಅದು ಸಾಮಾನ್ಯವಾಗಿ ಗಂಡ ಹೆಂಡತಿಯದು. ಹಾಗಂತ ಇವರಿಗೆ ಹೆಂಡತಿಯರು ಇರಲಿಲ್ಲ ಎಂದಲ್ಲ. ನಿಯಾಂಖ್‌ಖ್ನುಮ್‌ನ ಹೆಂಡತಿ ಖೆಂಟಿಕಾಉಸ್, ಖ್ನುಮ್‌ಹೊಟೆಪ್‌ನ ಹೆಂಡತಿ ಖೆನುಟ್. ಇಬ್ಬರಿಗೂ ಮಕ್ಕಳಿದ್ದರು. ಔತಣದ ದೃಶ್ಯದಲ್ಲಿ ನಿಯಾಂಖ್‌ಖ್ನುಮ್‌ನ ಹಿಂದೆ ಕೂತಿದ್ದ ಹೆಂಡತಿಯ ಚಿತ್ರವನ್ನು ಪ್ರಾಚೀನ ಕಾಲದಲ್ಲೇ ಹೆಚ್ಚುಕಡಿಮೆ ಪೂರ್ತಿ ಅಳಿಸಿಬಿಟ್ಟಿದ್ದಾರೆ.

ಇನ್ನು ಹೆಸರುಗಳಿಗೆ ಬರೋಣ. ಶಾಸನಪ್ರಿಯರಿಗೆ ರುಚಿಸುವ ಭಾಗ ಇದು. ಖ್ನುಮ್ ಅಂದರೆ ಟಗರಿನ ತಲೆಯ ದೇವರು, ತಿಗರಿಯ ಮೇಲೆ ಮನುಷ್ಯರನ್ನು ಮಾಡುವ ಕುಂಬಾರ ದೇವರು. ‘ಜೀವ ಖ್ನುಮ್‌ನದು’, ‘ಖ್ನುಮ್ ತೃಪ್ತ’ ಎಂಬುದು ಈ ಎರಡು ಹೆಸರುಗಳ ನೇರ ಅರ್ಥ. ಆದರೆ ಈಜಿಪ್ಟಿನ ಭಾಷೆಯಲ್ಲಿ ಅದೇ ವ್ಯಂಜನಗಳ ಒಂದು ಧಾತುವೂ ಇದೆ. ಅದರ ಅರ್ಥ ‘ಕೂಡು, ಸೇರು’. ಲಿಪಿಯಲ್ಲಿ ಸ್ವರಗಳನ್ನು ಬರೆಯುವುದಿಲ್ಲ, ಪದಗಳ ನಡುವೆ ಜಾಗವನ್ನೂ ಬಿಡುವುದಿಲ್ಲ. ಹಾಗಾಗಿ ಎರಡೂ ಹೆಸರುಗಳನ್ನು ಕೂಡಿಸಿ ಓದಿದರೆ ‘ಬಾಳಿನಲ್ಲಿ ಕೂಡಿದವರು, ಶಾಂತಿಯಲ್ಲಿ ಕೂಡಿದವರು’ ಎಂಬ ಶ್ಲೇಷೆ ಹೊರಡುತ್ತದೆ. ಇಲ್ಲಿ ಶಾಂತಿ ಎಂದರೆ ಸಾವು. ನಮ್ಮ ಕವಿಗಳೂ ಮೆಚ್ಚುವಂಥ ಶ್ಲೇಷೆ. ಆದರೆ ದೇವರ ಹೆಸರಿಡುವುದು ಅಲ್ಲಿ ತೀರ ಸಾಮಾನ್ಯ ಅನ್ನೋದನ್ನೂ ಮರೆಯಬಾರದು. ಶ್ಲೇಷೆ ಅವರು ಬೇಕೆಂದೇ ಮಾಡಿದ್ದೋ, ನಮ್ಮ ಕಿವಿಗೆ ಕೇಳಿಸಿದ್ದೋ, ಲಿಪಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ.

ಹೆಂಡತಿಯ ಪಕ್ಕ ‘ಅವನ ಹೆಂಡತಿ’, ಮಗನ ಪಕ್ಕ ‘ಅವನ ಮಗ’ ಎಂದು ಬರೆಯುವುದು ಈಜಿಪ್ಟಿನ ಗೋರಿಗಳ ಪದ್ಧತಿ. ಈ ಇಬ್ಬರ ನಡುವಿನ ನಂಟಿಗೆ ಮಾತ್ರ ಅಂಥ ಒಂದು ಪದವೂ ಇಲ್ಲ.

ಮೂರು ಊಹೆಗಳು

ಆ ಖಾಲಿ ಜಾಗ ತುಂಬಲು ವಿದ್ವಾಂಸರು ಮೂರು ದಾರಿ ಹಿಡಿದಿದ್ದಾರೆ. ಮೊದಲನೆಯದು, ಅವರು ಅಣ್ಣತಮ್ಮಂದಿರು, ಬಹುಶಃ ಅವಳಿಗಳು. 1985ರಲ್ಲಿ ಜಾನ್ ಬೇನ್ಸ್ ಅವಳಿಗಳ ವಾದ ಮಂಡಿಸಿದರು. ಸಮಾನ ಬಿರುದು, ಸಮಾನ ಚಿತ್ರಣ, ಒಂದೇ ದೇವರ ಹೆಸರು ಎಲ್ಲವೂ ಅದರಲ್ಲಿ ಸಲೀಸಾಗಿ ಕೂರುತ್ತವೆ. ಎರಡನೆಯದು, ಅವರು ಸಂಗಾತಿಗಳು. 2000ದಲ್ಲಿ ಗ್ರೆಗ್ ರೀಡರ್ ಈ ಅಪ್ಪುಗೆಗಳನ್ನು ಅದೇ ಕಾಲದ ದಂಪತಿಗಳ ಚಿತ್ರಗಳ ಪಕ್ಕಕ್ಕಿಟ್ಟು ಹೋಲಿಸಿ, ಇಲ್ಲಿರುವುದು ದಾಂಪತ್ಯದ ಭಾಷೆಯೇ ಎಂದರು. ಮೂರನೆಯದು ಡೇವಿಡ್ ಓ’ಕಾನರ್ ಅವರದು: ಮೈಗೆ ಮೈ ಅಂಟಿಕೊಂಡು ಹುಟ್ಟಿದ ಸಯಾಮಿ ಅವಳಿಗಳಿರಬಹುದು. 19ನೇ ಶತಮಾನದ ಚಾಂಗ್ ಮತ್ತು ಎಂಗ್ ಸೋದರರೂ ಮದುವೆಯಾಗಿ ಮಕ್ಕಳನ್ನು ಪಡೆದಿದ್ದರಲ್ಲ ಎಂಬ ಹೋಲಿಕೆ ಆ ವಾದಕ್ಕಿದೆ.

ಇದರಲ್ಲಿ ಯಾವುದು ಸರಿ ಅಂತ ತೀರ್ಪು ಕೊಡಲು ನಾನು ಹೊರಟಿಲ್ಲ. ನನ್ನ ತಕರಾರು ಬೇರೆ. ಪ್ರವಾಸಿಗರು ಇದನ್ನು ‘ಇಬ್ಬರು ಸೋದರರ ಗೋರಿ’ ಎಂದೇ ಕರೆಯುತ್ತಾರೆ. ‘ಸಂಗಾತಿಗಳು’ ಅಂದರೆ ಸಾಕು, ಪುರಾವೆ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ, ಬರಬೇಕಾದ್ದೇ. ‘ಸೋದರರು’ ಅಂದಾಗ ಮಾತ್ರ ಅದೇ ಪ್ರಶ್ನೆ ಯಾರೂ ಕೇಳುವುದಿಲ್ಲ. ಗೋಡೆಯ ಮೇಲೆ ಎರಡಕ್ಕೂ ಪದವಿಲ್ಲ. ಹಾಗಿದ್ದ ಮೇಲೆ ಒಂದು ಊಹೆಗೆ ಸುಂಕ, ಇನ್ನೊಂದಕ್ಕೆ ಸುಂಕ ಮಾಫಿ ಯಾಕೆ?

ಇನ್ನೂ ಒಂದು ಮಾತು. ಒಂದು ವೇಳೆ ‘ಸೋದರ’ ಎಂಬ ಪದ ಅಲ್ಲಿ ಇದ್ದಿದ್ದರೂ ಚರ್ಚೆ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಈಜಿಪ್ಟಿನಲ್ಲಿ ಆ ಪದದ ಹರವು ದೊಡ್ಡದು. ಚಿಕ್ಕಪ್ಪ, ದಾಯಾದಿ, ಭಾವಮೈದ ಇವರಿಗೂ ಅದು ಸಲ್ಲುತ್ತಿತ್ತು. ಎಷ್ಟೋ ಶತಮಾನಗಳ ನಂತರದ ಪ್ರೇಮಕವಿತೆಗಳಲ್ಲಿ ನಲ್ಲ ನಲ್ಲೆಯರು ಒಬ್ಬರನ್ನೊಬ್ಬರು ಸೋದರ, ಸೋದರಿ ಎಂದೇ ಕರೆಯುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಅಣ್ಣಾ ಅನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು ಅತಿಗಳ ನಡುವೆ

ಇಂಟರ್ನೆಟ್ಟಿನಲ್ಲಿ ಇದಕ್ಕೆ ತದ್ವಿರುದ್ಧವಾದ ಅತಿ ಇದೆ: ‘ಇತಿಹಾಸದ ಮೊದಲ ಸಲಿಂಗಿ ಜೋಡಿ’ ಎಂಬ ತಲೆಬರಹ. ಇದನ್ನೂ ನಾನು ಒಪ್ಪಲಾರೆ. ಸಲಿಂಗಕಾಮಿ ಎಂಬ ಅರ್ಥದ ಯುರೋಪಿನ ಪದ ಮೊದಲು ಅಚ್ಚಾದದ್ದೇ 1869ರಲ್ಲಿ, ಕೆರ್ಟ್‌ಬೆನಿಯ ಕರಪತ್ರದಲ್ಲಿ. ಅದನ್ನು 4,000 ವರ್ಷಕ್ಕೂ ಹಿಂದಿನವರ ಹಣೆಗೆ ಹಚ್ಚುವ ಮೊದಲು ಸ್ವಲ್ಪ ತಡೆಯಬೇಕು. ಆದರೆ ಆ ತಲೆಬರಹದ ಹಿಂದಿನ ಹಂಬಲ ನನಗೆ ಅರ್ಥವಾಗುತ್ತದೆ. ‘ನಿಮ್ಮಂಥವರು ಮೊದಲು ಇರಲೇ ಇಲ್ಲ, ಇದೆಲ್ಲ ಈಗಿನ ಶೋಕಿ’ ಅಂತ ಕೇಳಿ ಕೇಳಿ ಸಾಕಾದವರು ಹಳೆಯ ಕಲ್ಲಿನಲ್ಲಿ ತಮ್ಮ ಹಿರಿಯರನ್ನು ಹುಡುಕಿದರೆ ತಪ್ಪೇನು? ಅವರು ಹುಡುಕಿದ್ದರಿಂದಲೇ ‘ಸೋದರರು’ ಎಂಬುದು ಓದಿದ್ದಲ್ಲ, ಊಹಿಸಿದ್ದು ಅನ್ನೋದು ಎಷ್ಟೋ ಓದುಗರ ಕಣ್ಣಿಗೆ ಬಿತ್ತು. ಅದು ಶಾಸನಶಾಸ್ತ್ರಕ್ಕೆ ಆದ ಲಾಭವೇ.

ಹಾಗೆಯೇ, ಇವತ್ತಿನವರ ಘನತೆ ಹಳೆಯ ಕಲ್ಲಿನ ಸಾಕ್ಷಿಗಾಗಿ ಕಾಯಬೇಕಿಲ್ಲ. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದದ್ದು ಸಂವಿಧಾನದ ಬಲದ ಮೇಲೆ. ನಾಳೆ ಸಕ್ಕಾರಾದಲ್ಲಿ ಇನ್ನೊಂದು ಕಲ್ಲು ಸಿಕ್ಕು, ಅವರು ಅವಳಿಗಳೇ ಎಂದು ಸ್ಪಷ್ಟವಾದರೂ ಯಾರ ಹಕ್ಕಿಗೂ ಕುಂದಿಲ್ಲ.

ನುಗ್ಗಾದ ಶಾಸನ ಓದುವಾಗ ಸವೆದುಹೋದ ಅಕ್ಷರದ ಜಾಗಕ್ಕೆ ನಾವು ಚುಕ್ಕೆ ಹಾಕುತ್ತೇವೆ. ಊಹಿಸಿದ ಅಕ್ಷರವಾದರೆ ಕಂಸದೊಳಗೆ ಇಡುತ್ತೇವೆ, ಇದು ಕಲ್ಲಿನದಲ್ಲ, ನನ್ನದು ಅಂತ ಓದುಗರಿಗೆ ತಿಳಿಯಲಿ ಎಂದು. ಸಂಬಂಧಗಳ ವಿಷಯದಲ್ಲೂ ಅದೇ ಶಿಸ್ತು ಬೇಕು. ಈ ಗೋರಿಗೆ ನಾನೇ ಫಲಕ ಬರೆಯುವುದಾದರೆ ಇಷ್ಟು ಬರೆದೇನು: ‘ನಿಯಾಂಖ್‌ಖ್ನುಮ್, ಖ್ನುಮ್‌ಹೊಟೆಪ್. ಅರಮನೆಯ ಅಧಿಕಾರಿಗಳು. ಒಂದೇ ಗೋರಿಯಲ್ಲಿ ಜೊತೆಯಾಗಿ ಇರಬೇಕೆಂದು ಬಯಸಿದವರು.’ ಇದರಲ್ಲಿ ಕಂಸದೊಳಗೆ ಹಾಕಬೇಕಾದ್ದು ಒಂದಕ್ಷರವೂ ಇಲ್ಲ.