ಉಳಿದುಹೋದ ಕೆಂಪು

ಮುಂಬೈಯ ನಮ್ಮ ಉಪನಗರದ ಕನ್ನಡ ಸಂಘದಲ್ಲಿ ಸದಸ್ಯರ ಪಟ್ಟಿ ನೋಡಿಕೊಳ್ಳುವವನು ನಾನೇ. ವಾರ್ಷಿಕ ಶುಲ್ಕ ಬಾಕಿ ಇದ್ದವರ ಸೆಲ್‌ಗೆ ಎಕ್ಸೆಲ್‌ನಲ್ಲಿ ಕೈಯಾರೆ ಕೆಂಪು ಹಚ್ಚುತ್ತಿದ್ದೆ. ಕಳೆದ ವಾರ್ಷಿಕ ಸಭೆಯಲ್ಲಿ ಪಟ್ಟಿ ಪರದೆಯ ಮೇಲೆ ಮೂಡಿದಾಗ ಹಿರಿಯರೊಬ್ಬರು ಎದ್ದು, “ನಾನು ಜೂನ್‌ನಲ್ಲೇ ಕೊಟ್ಟಿದ್ದೇನಲ್ಲಪ್ಪಾ” ಎಂದರು. ನಿಜ, ಬಾಕಿ ಸೊನ್ನೆ ಎಂದೇ ಇತ್ತು. ನಾನು ಹಚ್ಚಿದ ಕೆಂಪು ಮಾತ್ರ ಹಾಗೇ ಉಳಿದಿತ್ತು. ಎಲ್ಲರೆದುರು ಕ್ಷಮೆ ಕೇಳಿದೆ.

ಅಂದು ರಾತ್ರಿಯೇ ಪೈಥಾನ್‌ನ ಓಪನ್‌ಪೈಎಕ್ಸೆಲ್ ಲೈಬ್ರರಿ ಹಿಡಿದು ಕುಳಿತೆ. ಮೊದಲಿಗೆ ಬಣ್ಣವೇ ಬರಲಿಲ್ಲ. ಪ್ಯಾಟರ್ನ್‌ಫಿಲ್‌ಗೆ ಬಣ್ಣದ ಸಂಕೇತದ ಜೊತೆಗೆ ‘ಸಾಲಿಡ್’ ಎಂದೂ ಹೇಳಬೇಕಂತೆ. ಹೇಳಿದ ಮೇಲೆ ಬಂತು. ಆದರೆ ಕೈ ಹಚ್ಚಿದರೂ ಕೋಡ್ ಹಚ್ಚಿದರೂ ಬಣ್ಣ ಬಣ್ಣವೇ. ಬಾಕಿ ತೀರಿದರೆ ತಾನಾಗಿ ಅಳಿಯದು. ಅದಕ್ಕೇ ಹಳೆಯ ಬಣ್ಣವನ್ನೆಲ್ಲ ತೆಗೆದು, ಕೋಡ್‌ನಿಂದ ಕಂಡೀಷನಲ್ ಫಾರ್ಮ್ಯಾಟಿಂಗ್ ನಿಯಮ ಸೇರಿಸಿದೆ: ಬಾಕಿ 0ಗಿಂತ ಹೆಚ್ಚಿದ್ದರಷ್ಟೇ ಕೆಂಪು. ಈಗ ಖಜಾಂಚಿಯವರು ಮೊತ್ತ ತಿದ್ದಿದೊಡನೆ ಎಕ್ಸೆಲ್ಲೇ ಬಣ್ಣ ತೆಗೆಯುತ್ತದೆ. ಕೋಡನ್ನು ಮತ್ತೆ ಓಡಿಸಬೇಕಿಲ್ಲ.

ಈ ಸಲ ಸಭೆಗೆ ಮುನ್ನ ಪಟ್ಟಿಯನ್ನು ಮೊದಲು ತೋರಿಸಿದ್ದು ಆ ಹಿರಿಯರಿಗೇ. ಕನ್ನಡಕ ಏರಿಸಿ ತಮ್ಮ ಹೆಸರು ಹುಡುಕಿ, “ಈಗ ಸರಿಹೋಯ್ತು ನೋಡು” ಎಂದು ನಕ್ಕರು.