ಕೆಲಸಕ್ಕೆ ಹೊರಟ ತಾಯಿಗೆ

ಬಾಣಂತನ ಮುಗಿಸಿ ತೋಟದ ಕೂಲಿಗೋ, ಗಾರ್ಮೆಂಟ್ಸಿಗೋ, ಶಾಲೆಗೋ ಹೊರಟ ತಾಯಂದಿರು ಇನ್ನು ಪುಡಿಹಾಲೇ ಗತಿ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. 6 ತಿಂಗಳು ತುಂಬುವವರೆಗೆ ಮಗುವಿಗೆ ಎದೆಹಾಲೇ ಸಾಕು, ನೀರೂ ಬೇಡ. ಹಾಲನ್ನು ಹಿಂಡಿಟ್ಟು ಹೋಗಬಹುದು.

1. ಸೋಪಿನಿಂದ ಕೈ ತೊಳೆದು, ಕುದಿಸಿ ಆರಿಸಿದ ಸ್ಟೀಲ್ ಪಾತ್ರೆಗೆ ಹಾಲು ಹಿಂಡಿ ಮುಚ್ಚಿಡಿ. ತಂಪಾದ ಜಾಗದಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ ಇಡಬಹುದು.

2. ಹಾಲನ್ನು ಒಲೆಯ ಮೇಲೆ ಕಾಯಿಸಬೇಡಿ. ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಶುಚಿಯಾದ ಒಳಲೆ ಅಥವಾ ಚಮಚದಿಂದ ಕುಡಿಸಿ. ಬಾಟಲಿ ಬೇಡ.

3. ಕೆಲಸದ ಜಾಗದಲ್ಲೂ 3 ಗಂಟೆಗೊಮ್ಮೆ ಹಿಂಡಿ. ಇಲ್ಲದಿದ್ದರೆ ಎದೆ ಗಟ್ಟಿಯಾಗಿ ನೋಯುತ್ತದೆ, ಹಾಲೂ ಕಡಿಮೆಯಾಗುತ್ತದೆ. ಎದೆ ಕೆಂಪಾಗಿ ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಬನ್ನಿ, ಹಾಲೂಡಿಸುವುದನ್ನು ನಿಲ್ಲಿಸಬೇಡಿ.

4. ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವವರಿಗೆ 2017ರಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಇದೆ. ಮರಳಿದ ಮೇಲೆ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸಲು ಬಿಡುವು ಕೇಳುವುದು ನಿಮ್ಮ ಹಕ್ಕು.

ಕೂಲಿಗೆ ಹೋಗುವ ತಾಯಿಗೆ ಇಂಥ ರಜೆ ಸಿಗುವುದಿಲ್ಲ. ಅವಳಿಗೆ ಮನೆಯವರ ನೆರವೇ ರಜೆ. ಆದ್ದರಿಂದ ಅತ್ತೆಯವರಲ್ಲಿ, ಯಜಮಾನರಲ್ಲಿ ಒಂದು ವಿನಂತಿ: ಸಂಜೆ ಆಕೆ ಬಂದೊಡನೆ ಮಗುವನ್ನು ಮಡಿಲಿಗೆ ಕೊಡಿ. ಮುದ್ದೆ, ಸಾರಿನ ಕಾಯಕ ಅಂದು ನಿಮ್ಮದಾಗಲಿ.